ಬಂತಪ್ಪ ಬಂತು ದಾಂಡೇಲಿ ಗಾಡಿ

ಆಟೋಕ್ಕೆ ಎಂಬತ್ತು ರೂಪಾಯಿ, ರೈಲಿಗೆ ಹತ್ತು. ಅಂಬೇವಾಡಿ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ ನಿಂತು ಈ ಲೆಕ್ಕ ಹಾಕುತ್ತಿದ್ದೇನೆ.

"ಸರ, ಲೆಕ್ಕಾ ಒಳಗ ಕುಂತು ಮಾಡ್ರಿ. ಹಿಂದ ಪಾಳಿ ಐತಿ" ಎನ್ನುತ್ತದೆ ಬೆನ್ನ ಹಿಂದಿನ ದನಿ.

ತಿರುಗಿ ನೋಡಿದರೆ ಬಿಳಿ ಗಡ್ಡದ ಒಬ್ಬ ಅಜ್ಜ. ತಲೆಗೆ ಉಣ್ಣೆಯ ಟೋಪಿ, ಕುತ್ತಿಗೆಗೆ ಸುತ್ತಿದ ಟವೆಲು, ಹೆಗಲಿಗೆ ಬಟ್ಟೆಯ ಚೀಲ. ಚೀಲದ ಬಾಯಿಯಿಂದ ಹಿತ್ತಾಳೆಯ ತಾಳ ಇಣುಕುತ್ತಿದೆ. ಭಜನೆಯವರು. ಅಳ್ನಾವರದಲ್ಲಿ ಇವತ್ತು ಕಾರ್ಯಕ್ರಮವಂತೆ. ಮೇಳದ ಉಳಿದವರು ಬಸ್ಸಿಗೆ ಹೋದರು, ಇವರೊಬ್ಬರು ಹಟ ಹಿಡಿದು ರೈಲಿಗೆ ಬಂದಿದ್ದಾರೆ.

2020ರ ಜನವರಿ. ಈ ಗಾಡಿ ಶುರುವಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಕಳೆದ ನವೆಂಬರ್ 3ರಂದು ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿಯವರು ಹಸಿರು ನಿಶಾನೆ ತೋರಿಸಿದ್ದು. ಹೆಸರಿಗೆ ದಾಂಡೇಲಿ ರೈಲು, ಆದರೆ ಊರೊಳಗೆ ಬರುವುದಿಲ್ಲ. ಊರ ಹೊರಗಿನ ಅಂಬೇವಾಡಿಯಲ್ಲೇ ನಿಂತು, 'ಬೇಕಾದರೆ ನೀವೇ ಬನ್ನಿ' ಎನ್ನುತ್ತದೆ. ಮದುವೆಗೆ ಬಂದು ಹಂದರದ ಹೊರಗೇ ಕುರ್ಚಿ ಹಾಕಿಸಿಕೊಂಡು ಕೂತ ಬೀಗರ ಹಾಗೆ.

ಪ್ಲಾಟ್‌ಫಾರ್ಮಿನಲ್ಲಿ ಹತ್ತುವವರಿಗಿಂತ ನೋಡುವವರೇ ಹೆಚ್ಚು. ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಎಂಜಿನ್ ತೋರಿಸುತ್ತಿರುವ ತಂದೆ. ಒಬ್ಬಾಕೆ ಟಿಫಿನ್ ಡಬ್ಬಿ ಹಿಡಿದು ಬಂದಿದ್ದಾಳೆ, ಯಾರಿಗೂ ಕೊಡುವುದಕ್ಕಲ್ಲ, ಗಾಡಿ ಹೊರಡುವ ತನಕ ಬೆಂಚಿನ ಮೇಲೆ ಕೂತು ತಿನ್ನುವುದಕ್ಕೆ. ಗಾಳಿ ಈ ಕಡೆ ತಿರುಗಿದಾಗ ಕಾಗದದ ಗಿರಣಿಯ ಪರಿಚಿತ ವಾಸನೆ. ಊರಿನವರ ಮೂಗಿಗೆ ಅದು ಬಡಿಯುವುದೇ ಇಲ್ಲ. ನನ್ನಂಥ ಹೊರಗಿನವರು ಮೂಗು ಅರಳಿಸಿದ ಕೂಡಲೇ, "ನೀವು ಇಲ್ಲಿಯವರಲ್ಲ" ಎಂದು ಗುರುತು ಹಿಡಿಯುತ್ತಾರೆ.

ನಾನು ಬಂದದ್ದು ಗೊಣಗಾಟ ಕೇಳುವುದಕ್ಕೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರೈಲಿನಲ್ಲಿ ಕಟ್ಟುವ ಕುಚೇಷ್ಟೆಯ ಪದ, ಅಣಕದ ಹಾಡು, ಜೋಡಿಸಿದ ಬೈಗುಳ ಇವನ್ನೆಲ್ಲ ಕೂಡಿಹಾಕುವ ಚಟ ನನಗಿದೆ. ಹಳೆಯ ದಾರಿಗಳಲ್ಲಿ ಇವು ಬೇಕಾದಷ್ಟು ಸಿಗುತ್ತವೆ. ಹೊಚ್ಚ ಹೊಸ ಗಾಡಿಯಲ್ಲಿ ಜನ ಎಷ್ಟು ದಿನಕ್ಕೆ ಗೊಣಗಲು ಶುರುಮಾಡುತ್ತಾರೆ? ಅದನ್ನು ನೋಡಬೇಕಿತ್ತು.

ಗಾಡಿ ಸರಿಯಾದ ಹೊತ್ತಿಗೆ ಹೊರಟಿತು. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಅಜ್ಜನ ಮುಖ ಸಪ್ಪಗಾಯಿತು.

"ಇದೇನ್ರೀ ಇದು? ಇಷ್ಟ್ ಬರೋಬರಿ ಟೈಮಿಗೆ ಬಿಟ್ರ ಮಂದಿ ಮಾತಾಡೂದರ ಏನ?"

ಡಬ್ಬಿ ಅರ್ಧ ಖಾಲಿ. ಹಾಗಂತ ಜನ ಹರಡಿ ಕೂರುವುದಿಲ್ಲ. ನಾಲ್ಕು ಬೆಂಚು ಬಿಟ್ಟು ಒಂದೇ ಕಂಪಾರ್ಟ್‌ಮೆಂಟಿನಲ್ಲಿ ಎಂಟು ಮಂದಿ ಒತ್ತಿಕೊಂಡಿದ್ದೇವೆ. ಅಜ್ಜ ಕಿಟಕಿಗೆ. ಎದುರಿಗೆ ಧಾರವಾಡದಲ್ಲಿ ಬಿ.ಎ. ಓದುವ ದಾಂಡೇಲಿಯ ಹುಡುಗಿ, ಅವಳ ಪಕ್ಕ ಗೆಳತಿ. ನನ್ನ ಬಲಕ್ಕೆ ಜೋಯಿಡಾ ಕಡೆಯ ಕುಣಬಿ ಮನೆತನದ ಮಾವಶಿ. ಕಾಲ ಬಳಿ ಗೋಣಿಚೀಲದ ತುಂಬ ಗೆಡ್ಡೆಗೆಣಸು. ಜನವರಿ ಅಂದರೆ ಅಲ್ಲಿ ಗೆಡ್ಡೆ ಕೀಳುವ ಕಾಲ. ಮಣ್ಣು ಅಂಟಿದ ಮುಡ್ಲಿ ಗೆಡ್ಡೆಯೊಂದು ಚೀಲ ಹರಿದು ಹೊರಗೆ ಬಂದಿದೆ, ಆನೆಮರಿಯ ಕಾಲಿನಷ್ಟು ದಪ್ಪ. ಆಚೆ ಹಳಿಯಾಳದ ಕಿರಾಣಿ ಅಂಗಡಿಯವರು, ಅವರ ಪಕ್ಕ ದಾಂಡೇಲಿಯಲ್ಲಿ ಮಗಳ ಮನೆಗೆ ಬಂದು ಮರಳುತ್ತಿರುವ ಮುಂಡಗೋಡದ ನಿವೃತ್ತ ಮಾಸ್ತರರು. ಎಂಟನೆಯವನು ಪ್ರಯಾಣದುದ್ದಕ್ಕೂ ನಿದ್ದೆ ಮಾಡಿದ. ಅವನ ಬಗ್ಗೆ ಹೇಳಲು ಏನೂ ಇಲ್ಲ. ಆದರೆ ಪ್ರತಿ ರೈಲಿನಲ್ಲೂ ಅವನೊಬ್ಬ ಇರುತ್ತಾನೆ, ಇಳಿಯುವ ಊರಿಗೆ ಸರಿಯಾಗಿ ಏಳುತ್ತಾನೆ.

ಹಳಿ ಕಾಡಿನೊಳಗೆ ಹೊಕ್ಕಿತು. ಎರಡೂ ಕಡೆ ಸಾಗವಾನಿ, ನಡುನಡುವೆ ಮತ್ತಿ, ಬಿದಿರ ಮೆಳೆ. ಸಾಗವಾನಿಯ ಎಲೆ ಉದುರಲು ಶುರುವಾಗಿದೆ. ಗಾಡಿಯ ಗಾಳಿಗೆ ಹಪ್ಪಳದಂಥ ಒಣ ಎಲೆಗಳು ಎದ್ದು ಬಿದ್ದು ಒಂದು ಗಳಿಗೆ ನಮ್ಮ ಜೊತೆಗೇ ಓಡುತ್ತವೆ. ಈ ಮರಕ್ಕಾಗಿಯೇ ಈ ಹಳಿ ಬಂದದ್ದು. ನೂರು ವರ್ಷದ ಹಿಂದೆ ಬ್ರಿಟಿಷರಿಗೆ ಬೇಕಾಗಿದ್ದದ್ದು ದಾಂಡೇಲಿಯ ತೊಲೆ, ದಾಂಡೇಲಿಯ ಜನರಲ್ಲ. 1950ರ ದಶಕದ ಕೊನೆಗೆ ಕಾಗದದ ಗಿರಣಿ ಶುರುವಾದ ಮೇಲೆ ಬಿದಿರು, ಕಲ್ಲಿದ್ದಲು, ಕಾಗದದ ಉರುಳೆ. ಜನರ ಗಾಡಿಯೂ ಇತ್ತು, ಮೀಟರ್‌ಗೇಜಿನದು. 1990ರ ದಶಕದಲ್ಲಿ ಹಳಿ ಅಗಲವಾಯಿತು, ಜನರ ಗಾಡಿ ನಿಂತಿತು. ಸರಕಿನದು ಮಾತ್ರ ಓಡುತ್ತಲೇ ಇತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಊರಿನವರು ಗೇಟಿನಲ್ಲಿ ನಿಂತು ಕಾಗದ ಪ್ರಯಾಣ ಮಾಡುವುದನ್ನು ನೋಡಿದರು.

"ಆಗಿನ ಗಾಡಿ ಹೆಂಗಿತ್ರೀ ಅಜ್ಜಾರ?" ಎಂದೆ.

ಅಜ್ಜ ಇದಕ್ಕೇ ಕಾದಿದ್ದವರಂತೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೆಂಗಿತ್ತು ಅಂದ್ರ... ಉಗಿ ಎಂಜಿನ್ ಇದ್ದಾಗ ಕಿಟಕಿ ಕಡೆ ಕುಂತಾವನ ಕಣ್ಣಾಗ ಇದ್ದಲಿ ಬೀಳತಿತ್ತು. ಒಂದೂ ಸಲ ತಪ್ಪಿದ್ದಿಲ್ಲ. ನಮ್ಮವ್ವ ಸೆರಗಿನ ತುದಿ ಗಂಟು ಮಾಡಿ, ಬಾಯಾಗ ಹಿಡದು ಉಫ್ ಉಫ್ ಅಂತ ಬೆಚ್ಚಗ ಊದಿ, ಕಣ್ಣಿನ ಮ್ಯಾಲೆ ಒತ್ತತಿದ್ಲು. ಒಂದ್ ಕೈಲೆ ನನ್ನ ಕಣ್ಣು, ಇನ್ನೊಂದ್ ಕೈಲೆ ರೊಟ್ಟಿ ಗಂಟು, ಬಾಯಿಲೆ ರೈಲಿನಾವಂಗ ಬೈಗಳ. ಆದ್ರ ಮರದಿವ್ಸ ಮತ್ತ ಕಿಟಕಿ ಬೇಕ ನನಗ."

ಗಾಡಿ ಮಾತಾಡುತ್ತಿತ್ತಂತೆ ಆಗ. ಏರು ಬಂದಾಗ, "ತಳ್ಳಲೇ ತಮ್ಮಾ... ತಳ್ಳಲೇ ತಮ್ಮಾ..." ಎನ್ನುತ್ತಿತ್ತು. ಇಳಿಜಾರಿಗೆ, "ಬಿಟ್ಟೆಲೇ ಬಿಟ್ಟೆಲೇ ಬಿಟ್ಟೆಲೇ". ಅಜ್ಜ ಎರಡೂ ಅಂಗೈಯನ್ನು ಬೆಂಚಿನ ಮರಕ್ಕೆ ಬಡಿದು ತೋರಿಸಿದರು. ಮೊದಲನೆಯದು ನಾಲ್ಕು ಪೆಟ್ಟು, ಕೊನೆಯದು ಭಾರ. ಎರಡನೆಯದು ಮೂರು ಪೆಟ್ಟಿನ ಓಟ. ಕಣ್ಣು ಮುಚ್ಚಿ ಕೇಳಿದರೆ ಉಗಿಬಂಡಿಯೇ. ಊರ ಹುಡುಗರೆಲ್ಲ ಸಾಲಾಗಿ ಒಬ್ಬರ ಅಂಗಿ ಒಬ್ಬರು ಹಿಡಿದು ಗಿರಣಿ ಕಾಲನಿಯ ಏರಿನಲ್ಲಿ ಇದನ್ನೇ ಹೇಳಿಕೊಂಡು ಓಡುತ್ತಿದ್ದರಂತೆ. ಈಗಿನ ಗಾಡಿಗೆ ಕಿವಿಗೊಟ್ಟೆ. ಡೀಸೆಲ್ ಎಂಜಿನ್ ದೂರದಲ್ಲಿ ಗುರುಗುಟ್ಟುತ್ತಿದೆ, ಹಳಿ ಹೆಚ್ಚು ಮಾತಾಡುತ್ತಿಲ್ಲ.

"ಇದು ಏನ್ ಅನ್ನಾಕತ್ತೈತ್ರಿ?"

ಅಜ್ಜ ತಲೆ ವಾರೆ ಮಾಡಿ ಕೇಳಿದರು. "ಇದಿನ್ನೂ ಹೊಸಾ ಸೊಸಿ. ಬಾಯಿ ಬಿಟ್ಟಿಲ್ಲ."

ಹುಡುಗಿಯರು ನಕ್ಕರು. ಆ ನಗು ಸಾಕಾಯಿತು. ಅಜ್ಜ ಚೀಲದಿಂದ ತಾಳ ತೆಗೆದೇಬಿಟ್ಟರು. ಭಜನೆಯ ಧಾಟಿ, ಆದರೆ ಪದ ದೇವರದ್ದಲ್ಲ:

ಬಂತಪ್ಪ ಬಂತು ದಾಂಡೇಲಿ ಗಾಡಿ,
ಇಪ್ಪತ್ತು ವರ್ಸಾ ಲೇಟು ಮಾಡಿ;
ಹೋಗುಮುಂದ ಇದ್ದೆ ಮೀಸಿ ತಿರವೋ ಹುಡುಗ,
ಬರುಮುಂದ ನೋಡಿದ್ರ ಬೆಳ್ಳನ ದಾಡಿ!

ಕೊನೆಯ ಸಾಲಿಗೆ ತಮ್ಮ ಗಡ್ಡವನ್ನೇ ಹಿಡಿದು ಅಲ್ಲಾಡಿಸಿದರು. ಲೆಕ್ಕ ಹಾಕಿದರೆ ಹಳೆಯ ಗಾಡಿ ನಿಂತಾಗ ಅಜ್ಜನಿಗೆ ನಲವತ್ತು ದಾಟಿರಬೇಕು, ಮೀಸೆ ತಿರುವುವ ವಯಸ್ಸಲ್ಲ. ಇರಲಿ. ಆಗ ಹಿರಿಯ ನಾಗರಿಕರಿಗೆ ಟಿಕೆಟ್ಟಿನಲ್ಲೇ ರಿಯಾಯಿತಿ ಇತ್ತು, ಹಾಡಿನಲ್ಲೂ ಇಷ್ಟು ಇರಬೇಕು.

ಇಂಗ್ಲೆಂಡಿನಲ್ಲಿ ಇಂಥದೇ ಕವಲು ದಾರಿಗಳನ್ನು ಸಾಲುಸಾಲಾಗಿ ಮುಚ್ಚಲು ಹೊರಟಾಗ, 1963ರಲ್ಲಿ, ಫ್ಲಾಂಡರ್ಸ್ ಮತ್ತು ಸ್ವಾನ್ ಎಂಬ ಹಾಸ್ಯಗಾಯಕರ ಜೋಡಿ 'ಸ್ಲೋ ಟ್ರೇನ್' ಎಂಬ ಹಾಡು ಕಟ್ಟಿತು. ಸಣ್ಣಪುಟ್ಟ ನಿಲ್ದಾಣಗಳ ಹೆಸರುಗಳನ್ನು ಒಂದೊಂದಾಗಿ ಪೋಣಿಸಿದ ಹಾಡು. ಊರೆಲ್ಲ ನಗಿಸಿದವರಿಗೂ ಆ ಹಾಡಿನಲ್ಲಿ ನಗಿಸಲಾಗಲಿಲ್ಲ. ಅವರದು ಹೋಗುವ ಗಾಡಿಯ ಹಾಡು. ಅಜ್ಜನದು ಬಂದ ಗಾಡಿಯದು, ಹಾಗಾಗಿ ತಾಳಕ್ಕೆ ಜೋರಿದೆ.

"ನಾನೂ ಒಂದು ಹೇಳ್ತೇನಿ" ಎಂದಳು ಬಿ.ಎ. ಹುಡುಗಿ. ಅವಳದು ಚುಟುಕ. ಅದರಲ್ಲಿ ಆಶ್ಚರ್ಯವೇನಿಲ್ಲ. ಚುಟುಕಬ್ರಹ್ಮ ದಿನಕರ ದೇಸಾಯಿಯವರು ನಮ್ಮ ಜಿಲ್ಲೆಯವರು, ಅಂಕೋಲೆಯ ಅಲಗೇರಿಯವರು. ಸಾವಿರಾರು ಚುಟುಕ ಬರೆದರು, 1967ರಲ್ಲಿ ಲೋಕಸಭೆಗೂ ಆರಿಸಿಹೋದರು. ನಾಲ್ಕು ಸಾಲಿನಲ್ಲಿ ಬೈದು ಮುಗಿಸುವುದು ಉತ್ತರ ಕನ್ನಡದವರಿಗೆ ಅಲ್ಲಿಂದ ಬಂದ ಆಸ್ತಿ. ಹುಡುಗಿ ಫೋನು ನೋಡಿ ಓದಿದಳು:

ಹತ್ತೇ ರೂಪಾಯಿ ಅಳ್ನಾವರ ತನಕ,
ನಿಲ್ದಾಣ ಮುಟ್ಟಲು ಆಟೋಗೆ ಕನಕ!
ರೈಲಿನ ದೊರೆಗಳೇ, ಉಪಕಾರ ಮಾಡಿ,
ಮನೆಯ ಬಾಗಿಲಿಗೇ ಬರಲಿ ಈ ಗಾಡಿ.

"ವಾಹ್ವಾ!" ಹಳಿಯಾಳದ ಅಂಗಡಿಯವರು ತೊಡೆ ತಟ್ಟಿದರು. ತಟ್ಟಿದ ಮೇಲೆ ಅವರಿಗೆ ತಮ್ಮ ಅಹವಾಲು ನೆನಪಾಯಿತು. ಹಳಿಯಾಳವೇ ಹಳೆಯ ತಾಲೂಕು. ದಾಂಡೇಲಿ ಮೊನ್ನೆ ಮೊನ್ನೆಯ ತನಕ ಹಳಿಯಾಳ ತಾಲೂಕಿನಲ್ಲೇ ಇತ್ತು. ತಾಲೂಕಿನಿಂದ ಒಡೆದು ಹೋದ ತಮ್ಮನ ಮನೆಗೆ ರೈಲು ಬಂತು, ಅಣ್ಣನ ಮನೆಗೆ ಇಲ್ಲ. "ನಮ್ಮೂರಿನ ಹೆಸರಾಗ 'ಹಳಿ' ಐತ್ರಿ. ಹಳಿ ಇರೋ ಊರು ನಮ್ಮದು, ರೈಲಿರೋ ಊರು ನಿಮ್ಮದು. ಇದು ಯಾವ ನ್ಯಾಯ?" ಈ ಮಾತನ್ನು ಅವರು ಮೊದಲೂ ಹತ್ತು ಕಡೆ ಹೇಳಿರಬೇಕು, ಅಷ್ಟು ನುಣುಪಾಗಿತ್ತು. ರೈಲು ಹಿಡಿಯಬೇಕೆಂದರೆ ಹಳಿಯಾಳದವರು ಬಸ್ಸಿನಲ್ಲಿ ಅಳ್ನಾವರಕ್ಕೆ ಹೋಗಬೇಕು. ಇವತ್ತು ಅವರು ದಾಂಡೇಲಿಗೆ ಬಾಕಿ ವಸೂಲಿಗೆ ಬಂದವರು. ಬಾಕಿ ಸಿಗಲಿಲ್ಲ. ಸಿಟ್ಟಿನಲ್ಲಿ ರೈಲು ಹತ್ತಿದ್ದಾರೆ. ಅಳ್ನಾವರದಲ್ಲಿ ಇಳಿದು ಮತ್ತೆ ಹಳಿಯಾಳದ ಬಸ್ಸು ಹಿಡಿಯಬೇಕು. ಸುತ್ತು ದಾರಿ.

"ಯಾಕ್ರೀ ಹಂಗಾರ?"

"ಅವನಾಪ್ನ, ಒಮ್ಮೆ ಹತ್ತಿ ನೋಡಬೇಕಿತ್ತು" ಎಂದು ಕಿಟಕಿಯಾಚೆ ನೋಡಿದರು.

ಅಷ್ಟರಲ್ಲಿ ಗಾಡಿ ನಿಂತಿತು. ನಿಲ್ದಾಣವಿಲ್ಲ, ಗೇಟಿಲ್ಲ, ಬರೀ ಕಾಡು. ಎಂಜಿನ್ ಉದ್ದಕ್ಕೆ ಕೂಗಿತು, ಮತ್ತೆ ಕೂಗಿತು. ಬಾಗಿಲಿಗೆ ಹೋಗಿ ಬಗ್ಗಿ ನೋಡಿದರೆ ಮುಂದೆ ಹಳಿಯ ಮೇಲೆ ಏಳೆಂಟು ಎಮ್ಮೆ. ಎಮ್ಮೆಗಳು ಸರಕಿನ ಗಾಡಿಗೆ ಒಗ್ಗಿದವು, ಈ ಹೊಸ ಗಾಡಿಯ ವೇಳಾಪಟ್ಟಿ ಅವುಗಳಿಗೆ ಇನ್ನೂ ಮುಟ್ಟಿಲ್ಲ. ಒಂದು ಕರಿ ಎಮ್ಮೆ ಎಂಜಿನ್ನಿಗೆ ಪಕ್ಕೆ ಕೊಟ್ಟು ನಿಂತು, ಕತ್ತು ಮಾತ್ರ ತಿರುಗಿಸಿ ಕೂಗು ಎಲ್ಲಿಂದ ಬಂತೆಂದು ನೋಡುತ್ತಿದೆ. ಬಾಯಿ ಮೆಲುಕು ಹಾಕುತ್ತಲೇ ಇದೆ. ಕೊಂಬಿನ ಮೇಲೆ ಬಿಳಿಯ ಕೊಕ್ಕರೆ. ಎಂಜಿನ್ ಮೂರನೇ ಸಲ ಕೂಗಿದಾಗ ಕೊಕ್ಕರೆ ಹಾರಿತು, ಎಮ್ಮೆ ಕದಲಲಿಲ್ಲ.

ಗಾಡಿ ನಿಂತದ್ದೇ ತಡ, ಇಡೀ ಡಬ್ಬಿಗೆ ಜೀವ ಬಂತು. ಇದಕ್ಕಾಗಿಯೇ ಎಲ್ಲರೂ ಕಾದಿದ್ದರು. "ಹಿಂಗಾದ್ರ ಧಾರವಾಡ ಯಾವಾಗ ಮುಟ್ಟೂದು?" "ಬಸ್ಸಿಗೆ ಹೋಗಿದ್ರ ಇಷ್ಟೊತ್ತಿಗೆ ಹಳಿಯಾಳ ದಾಟತಿದ್ವಿ." "ಚುರಮರಿ ಮಾರಾವ್ರರ ಇಲ್ಲ." "ಫ್ಯಾನ್ ಯಾಕ ಹಾಕ್ಯಾರ ಈ ಥಂಡ್ಯಾಗ?" "ಏ, ಬಂದ್ ಮಾಡ್ರಿ." "ಗುಂಡಿ ಎಲ್ಲೈತಿ?" ಯಾರೋ ಗುಂಡಿ ಒತ್ತಿದರೆ ಫ್ಯಾನು ನಿಲ್ಲುವ ಬದಲು ದೀಪ ಹತ್ತಿತು. ಅದಕ್ಕೂ ಗೊಣಗಿದರು. ಯಾರ ಮುಖದಲ್ಲೂ ಸಿಟ್ಟಿಲ್ಲ. ಹಬ್ಬದ ದಿನ ಅಡುಗೆಗೆ ಉಪ್ಪು ಕಡಿಮೆ ಎನ್ನುವವರ ಮುಖ. ಮೂರು ತಿಂಗಳೂ ಆಗದ ಗಾಡಿ, ಆಗಲೇ ಹಳೆಯ ಚಪ್ಪಲಿಯ ಹಾಗೆ ಬೈಗುಳಕ್ಕೆ ಒಗ್ಗಿಬಿಟ್ಟಿದೆ.

ಸಂಚು ಹಾಕಿದವರಂತೆ ಅಜ್ಜ ನನ್ನ ಕಿವಿಗೆ ಬಗ್ಗಿ ಹೇಳಿದರು: "ಬೈಯಾಕರ ಒಂದು ಗಾಡಿ ಬೇಕಲ್ರೀ. ಇಪ್ಪತ್ತು ವರ್ಸಾ ಬೈಯಾಕೂ ಇದ್ದಿಲ್ಲ ನಮಗ."

ಮಾವಶಿ ಇದುವರೆಗೂ ಮಾತಾಡಿರಲಿಲ್ಲ. ಮುಡ್ಲಿಯನ್ನು ಚೀಲದೊಳಗೆ ತುರುಕುತ್ತ, ಕೊಂಕಣಿ ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ನಮ್ಮ ತಾಲೂಕದಾಗ ದಿಲ್ಲಿಗೆ ಹೋಗೂ ರೈಲು ಉಂಟು. ಜೋಯಿಡಾಕ್ಕೆ ಹೋಗೂದು ಇಲ್ಲ."

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಮಾತು ನಿಜ. ಕ್ಯಾಸಲ್‌ರಾಕ್ ಇರುವುದು ಜೋಯಿಡಾ ತಾಲೂಕಿನಲ್ಲಿ. 1888ರಿಂದ ಅಲ್ಲಿ ರೈಲು ಇದೆ. ಅದರಾಚೆ ಗೋವಾ, 1961ರ ತನಕ ಪೋರ್ಚುಗೀಸರದು. ಹಾಗಾಗಿ ಒಂದು ಕಾಲಕ್ಕೆ ಕ್ಯಾಸಲ್‌ರಾಕ್ ಎಂದರೆ ದೇಶದ ಕೊನೆ. ಗಂಟುಮೂಟೆ ಬಿಚ್ಚಿಸುವ ಸುಂಕದ ಕಟ್ಟೆ ಅಲ್ಲಿತ್ತು, ಘಟ್ಟ ಇಳಿದ ಮೇಲೆ ಕುಳೇಂನಲ್ಲಿ ಆ ಕಡೆಯವರದು ಇನ್ನೊಂದು. ಎರಡೆರಡು ಸಲ ಗಂಟು ಬಿಚ್ಚಿ ಕಟ್ಟುವವರು ಎಷ್ಟು ಬೈದಿರಬಹುದು, ಯೋಚಿಸಿ. ವಾಸ್ಕೋದಿಂದ ದಿಲ್ಲಿಗೆ ಹೋಗುವ ಗಾಡಿ ಇವತ್ತಿಗೂ ಆ ದಾರಿಯಲ್ಲೇ ಘಟ್ಟ ಹತ್ತುತ್ತದೆ. ಆದರೆ ಕ್ಯಾಸಲ್‌ರಾಕ್‌ನ ಬಡವನೊಬ್ಬ ತಹಸೀಲ್ದಾರ ಕಚೇರಿಯಲ್ಲಿ ಪಹಣಿ ತೆಗೆಸಬೇಕೆಂದರೆ ಜೋಯಿಡಾಕ್ಕೆ ಕಾಡಿನ ರಸ್ತೆಯಲ್ಲೇ ಹೋಗಬೇಕು. ರೈಲಿಗೆ ಆ ಊರಿನ ಹೆಸರೂ ಗೊತ್ತಿಲ್ಲ.

ಮಾವಶಿಯ ತವರು ಕ್ಯಾಸಲ್‌ರಾಕ್ ಕಡೆಯದು. ಮಳೆಗಾಲದ ಕಥೆ ಹೇಳಿದರು. ಅಲ್ಲಿ ಮಳೆ ಎಂದರೆ ಮಳೆ. ರಾಜ್ಯದಲ್ಲೇ ಅತಿ ಹೆಚ್ಚು ಬೀಳುವ ಜಾಗಗಳಲ್ಲಿ ಅದೊಂದು. ಮಂಜು ಕವಿದು ಎಂಜಿನ್ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಘಟ್ಟದ ಏರು ಎಷ್ಟು ಕಡಿದೆಂದರೆ ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಒಂದು ಎಂಜಿನ್ನಿಗೆ ಆಗುವುದಿಲ್ಲ, ಹಿಂದಿನಿಂದಲೂ ಎಂಜಿನ್ ಹಚ್ಚಿ ತಳ್ಳಬೇಕು. ಚಿಕ್ಕಂದಿನಲ್ಲಿ ಮಾವಶಿಗೆ ಇದೊಂದು ದೊಡ್ಡ ಅನುಮಾನ: ಮುಂದಿನವನು ಎಳೆಯುವವನೋ, ಹಿಂದಿನವನು ಎಳೆಯುವವನೋ? ಇಬ್ಬರಿಗೂ ಜಗಳವಾದರೆ ನಡುವೆ ಕೂತವರ ಗತಿ?

"ತಳ್ಳಲೇ ತಮ್ಮಾ" ಎಂದರು ಅಜ್ಜ ತಾಳದ ಅಂಚನ್ನು ಬೆರಳಿನಿಂದ ಮೀಟಿ. ಆ ಪದ ನಿಜಕ್ಕೂ ಸಲ್ಲಬೇಕಾದ ಜಾಗ ಕ್ಯಾಸಲ್‌ರಾಕ್‌ ಘಟ್ಟವೇ.

ಎಮ್ಮೆ ಸರಿಯಿತು. ಸರಿಸಿದ್ದು ಎಂಜಿನ್ ಅಲ್ಲ. ಎಲ್ಲಿಂದಲೋ ಬಂದ ಹತ್ತು ವರ್ಷದ ಹುಡುಗ, ಕೈಯಲ್ಲಿ ಒಂದು ಬಿದಿರ ಕೋಲು. "ಹೈಕ್" ಎಂದ, ಅಷ್ಟೇ. ಎಂಟೂ ಎಮ್ಮೆ ಇಳಿದವು. ಗಾಡಿ ಕದಲಿತು. ಹುಡುಗ ಲೋಕೋಪೈಲಟ್ಟನಿಗೆ ಕೈ ಎತ್ತಿ 'ಹೋಗು' ಎಂದು ಸನ್ನೆ ಮಾಡಿದ. ಗಾರ್ಡಿಗೂ ಅಷ್ಟು ಠೀವಿ ಇರುವುದಿಲ್ಲ.

ಈಗ ಎಲ್ಲರ ಕಣ್ಣು ಮುಂಡಗೋಡದ ಮಾಸ್ತರರ ಮೇಲೆ. ಅವರದೊಂದು ಬಾಕಿ ಉಳಿದಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡರು. ಅವಸರವಿಲ್ಲದ ಮನುಷ್ಯ.

"ನಿಮ್ಮದೆಲ್ಲ ಶ್ರೀಮಂತರ ದುಃಖ" ಎಂದು ಶುರುಮಾಡಿದರು. ಮುಂಡಗೋಡಕ್ಕೆ ರೈಲೂ ಇಲ್ಲ, ಹಳಿಯೂ ಇಲ್ಲ, ಹಳಿ ಇತ್ತೆಂಬ ನೆನಪೂ ಇಲ್ಲ. ರೈಲು ಹತ್ತಬೇಕೆಂದರೆ ಹುಬ್ಬಳ್ಳಿ. 1966ರಲ್ಲಿ ಟಿಬೆಟಿನವರು ಬಂದು ನೆಲೆಸಿದ ಮೇಲೆ ಊರಿಗೆ ದೇಶವಿದೇಶದವರು ಬರುತ್ತಾರೆ. ಲಾಮಾಗಳು ಸಾವಿರಾರು ಮೈಲಿ ರೈಲಿನಲ್ಲಿ ಬಂದು ಕೊನೆಯ ಗಳಿಗೆಗೆ ಹುಬ್ಬಳ್ಳಿಯಲ್ಲಿ ಬಸ್ಸಿಗೆ ಬಡಿದಾಡುತ್ತಾರೆ. "ಅವರು ಗೊಣಗೂದಿಲ್ಲ. ಧ್ಯಾನ ಮಾಡಿದವರು. ನಾವು ಮಾಡಿಲ್ಲ, ಅದಕ್ಕ ಗೊಣಗ್ತೇವಿ."

"ಅಂಕೋಲಾ ಲೈನ್ ಬಂದ್ರ ನಿಮಗ ಹತ್ತರ ಆಗತೈತಲ್ರಿ?" ಎಂದರು ಅಂಗಡಿಯವರು.

ಹುಬ್ಬಳ್ಳಿ–ಅಂಕೋಲಾ! ಡಬ್ಬಿಯಲ್ಲಿ ನಗೆ ಎದ್ದಿತು. 160 ಚಿಲ್ಲರೆ ಕಿಲೋಮೀಟರ್‌ನ ಆ ದಾರಿ 1990ರ ದಶಕದ ಕೊನೆಯಿಂದ ಮಂಜೂರಾಗುತ್ತ, ಕಾಡಿನ ಆಕ್ಷೇಪಣೆಗೆ ನಿಲ್ಲುತ್ತ, ಕೋರ್ಟಿಗೆ ಹೋಗುತ್ತ, ಮತ್ತೆ ಮಂಜೂರಾಗುತ್ತ ಬಂದಿದೆ. ಕಡಿಯಬೇಕಾದ ಕಾಡು ಸಣ್ಣದಲ್ಲ, ಆಕ್ಷೇಪಣೆ ಸುಳ್ಳೂ ಅಲ್ಲ. ಆದರೆ ಕರಾವಳಿಯ ಅಜ್ಜಿಯಂದಿರು ಅದರ ಹೆಸರು ಹೇಳಿಯೇ ಮೊಮ್ಮಕ್ಕಳಿಗೆ ಊಟ ಮಾಡಿಸುವಷ್ಟು ಹಳೆಯ ಕಥೆ ಅದು.

"ಅದು ಕಾಗದದ ಮ್ಯಾಲೆ ಓಡೂ ಗಾಡಿ" ಎಂದರು ಮಾಸ್ತರರು.

"ಆ ಕಾಗದಾನೂ ನಮ್ಮ ದಾಂಡೇಲೀದ ಇರಬೇಕ್ರಿ!" ಎಂದರು ಅಜ್ಜ, ತಟ್ಟನೆ. ಈ ಪ್ರಯಾಣದಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಇದು. ಪದ್ಯವೂ ಅಲ್ಲ, ಹಾಡೂ ಅಲ್ಲ. ನಿದ್ದೆ ಮಾಡುತ್ತಿದ್ದ ಎಂಟನೆಯವನೂ ತುಟಿ ಅಲ್ಲಾಡಿಸಿದ ಹಾಗೆ ಕಂಡಿತು.

ಸೋಲನ್ನು ಒಪ್ಪುವ ಪೈಕಿ ಅಲ್ಲ ಮಾಸ್ತರರು. ಕನ್ನಡಕ ಹಾಕಿಕೊಂಡು, ಹಾಜರಿ ಕರೆಯುವ ದನಿಯಲ್ಲಿ ಹೇಳಿದರು:

ನಿಮ್ಮೂರ ಗಾಡಿ ತಡಾ ಮಾಡತೈತಿ,
ನಮ್ಮೂರ ಗಾಡಿಗೆ ತಡಾನ ಇಲ್ಲ;
ಹಳಿಯೇ ಇಲ್ಲದ ಮುಂಡಗೋಡದಾಗ
ಒಂದು ದಿನಾನೂ ಲೇಟಾಗಿಲ್ಲ!

ಅಜ್ಜ ಎರಡೂ ತಾಳ ಎತ್ತಿ ಬಡಿದರು. ಪಕ್ಕದ ಕಂಪಾರ್ಟ್‌ಮೆಂಟಿನವರು ತಲೆ ಹಾಕಿ, ಯಾವ ದೇವರ ಭಜನೆ ಎಂದು ಕೇಳಿದರು.

ಅಳ್ನಾವರ ಬಂತು. ಕಾಡು ಮುಗಿದು ಹೊಲ ಶುರುವಾಗಿ ಎಷ್ಟು ಹೊತ್ತಾಗಿತ್ತೋ, ನಾವು ನೋಡಿರಲಿಲ್ಲ. ಇಳಿದ ಕೂಡಲೇ ಚಹಾ. ಅಜ್ಜ ಒಂದು ಗುಟುಕು ಕುಡಿದು ಮುಖ ಕಿವುಚಿ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ರೈಲಿನ ಚಹಾ ಬೈಯುವುದು ನಮ್ಮಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯ ಪರಂಪರೆ. ಗಾಂಧೀಜಿ 1917ರಲ್ಲಿ ಮೂರನೇ ದರ್ಜೆಯ ಪ್ರಯಾಣದ ಬಗ್ಗೆ ಬರೆದ ದೂರಿನಲ್ಲಿ ನೂಕುನುಗ್ಗಲು, ಕೊಳಕಿನ ಜೊತೆಗೆ ಚಹಾ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಆ ದ್ರವವನ್ನೂ ಬಿಟ್ಟಿಲ್ಲ. ಇದನ್ನು ಹೇಳಿದಾಗ ಅಜ್ಜ ಇನ್ನೊಂದು ಚಹಾ ತರಿಸಿದರು. ಗಾಂಧೀಜಿಯೂ ಬೈದಿದ್ದಾರೆಂದ ಮೇಲೆ ಅದರ ರುಚಿ ಬೇರೆ.

ಅಲ್ಲಿಂದ ನಾವು ಚದುರಿದೆವು. ಅಂಗಡಿಯವರು ಹಳಿಯಾಳದ ಬಸ್ಸಿಗೆ ಓಡಿದರು. ಮಾವಶಿ ನನ್ನ ಕೈಗೆ ಎರಡು ಗೆಣಸು ಇಟ್ಟು ಮಗಳ ಮನೆಯ ಕಡೆ ಹೋದರು. ಅಜ್ಜ ಫೋನ್ ನಂಬರ್ ಬರೆಸಿಕೊಂಡರು, "ಮುಂದಿನ ಸಲ ತಬಲಾ ಮಂದೀನೂ ಕರಕೊಂಡ್ ಬರ್ತೇನಿ. ಗಾಡ್ಯಾಗ ಜಾಗಾ ಐತಿ" ಎಂದರು.

ಮುಂದಿನ ಸಲ ಬರಲಿಲ್ಲ. 2020ರ ಮಾರ್ಚ್ 22ರ ನಂತರ ಕೋವಿಡ್‌ನಿಂದಾಗಿ ದೇಶದ ಎಲ್ಲ ಪ್ರಯಾಣಿಕರ ಗಾಡಿಗಳು ನಿಂತವು, ಅಂಬೇವಾಡಿಯದೂ ನಿಂತಿತು. ಗಾಡಿಗೆ ಐದು ತಿಂಗಳೂ ತುಂಬಿರಲಿಲ್ಲ. ಹಸಿರು ನಿಶಾನೆ ತೋರಿಸಿದ್ದ ಸುರೇಶ ಅಂಗಡಿಯವರನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ರೋಗ ಒಯ್ದಿತು. ಆಮೇಲೆ ದಾಂಡೇಲಿಯಲ್ಲಿ ಮತ್ತೆ ಮನವಿಪತ್ರಗಳು ಶುರುವಾದವು. ಮನವಿಪತ್ರದಲ್ಲಿ 'ಸವಿನಯ', 'ದಯಮಾಡಿ' ಎಂದೆಲ್ಲ ಬರೆಯಬೇಕು. ಅದರಲ್ಲಿ ಚಹಾ ಬೈಯುವ ಹಾಗಿಲ್ಲ, ಎಮ್ಮೆಯ ಮಾತು ಬರುವ ಹಾಗಿಲ್ಲ. ತಾಳವಂತೂ ಹಾಕಲಿಕ್ಕೇ ಬರುವುದಿಲ್ಲ.

2023ರ ಮಾರ್ಚ್ 12ರಂದು ಹುಬ್ಬಳ್ಳಿಯಲ್ಲಿ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. 1,507 ಮೀಟರ್. ಆ ಸಂಜೆ ಅಜ್ಜನ ಫೋನು.

"ನೋಡಿದ್ರೇನ್ರಿ ಟೀವ್ಯಾಗ? ದೀಡ್ ಕಿಲೋಮೀಟರ್ ಪ್ಲಾಟ್‌ಫಾರಂ!"

"ನೋಡಿದೆ ಅಜ್ಜಾರ. ಜಗತ್ತಿಗೇ ಉದ್ದಂತ."

"ಹೌದ್ರಿ. ಇನ್ನೊಂದು ಎಪ್ಪತ್ತೆಂಬತ್ತು ಕಿಲೋಮೀಟರ್ ಜಗ್ಗಿದ್ರ ಸೀದಾ ದಾಂಡೇಲಿಗೇ ಮುಟ್ಟತಿತ್ತು. ಗಾಡಿನ ಬೇಕಾಗಿದ್ದಿಲ್ಲ, ನಡಕೊಂತ ಬಂದು ಬಿಡತಿದ್ವಿ."

ನಿಮ್ಮೂರಿನ ಗಾಡಿ ಇವತ್ತು ತಡವಾಗಿದ್ದರೆ, ದಾಂಡೇಲಿಯವರ ಪಾಲಿನದನ್ನೂ ಸೇರಿಸಿ ನಾಲ್ಕು ಮಾತು ಹೆಚ್ಚಿಗೆ ಬೈದುಬಿಡಿ.